ಗಣಕದ ಹೊಸಬರಿಗೆ ಪದಪರಿಚಯ: ಬಿಟ್, ಬೈಟ್, ಡೊಮೇನ್

ಗಣಕಯಂತ್ರಕ್ಕೆ ಹೊಸಬರಾದವರು ಮೌಸ್ ಹಿಡಿಯುವುದನ್ನು ಒಂದೆರಡು ದಿನಗಳಲ್ಲಿ ಕಲಿತುಬಿಡುತ್ತಾರೆ. ಪದಗಳ ಗೊಂದಲ ಮಾತ್ರ ವರ್ಷಗಳು ಕಳೆದರೂ ಉಳಿಯುತ್ತದೆ. ಕನ್ನಡಿಗರಿಗೆ ಈ ಕಷ್ಟ ಎರಡು ಪಟ್ಟು. ಪತ್ರಿಕೆಯಲ್ಲಿ 'ತಂತ್ರಾಂಶ' ಎಂದು ಓದಿದ್ದು ಅಂಗಡಿಯಲ್ಲಿ 'ಸಾಫ್ಟ್‌ವೇರ್' ಆಗಿರುತ್ತದೆ. 'ಅಂತರ್ಜಾಲ' ಜನರ ಬಾಯಲ್ಲಿ ನಿಂತಿದೆ. 'ಮಿಂಚಂಚೆ' ಬರಹದಲ್ಲೇ ಉಳಿದು, ಆಡುಮಾತಿನಲ್ಲಿ 'ಇ-ಮೇಲ್' ಗೆದ್ದಿದೆ. ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ. ಅರ್ಥ ತಪ್ಪಿದರೆ ಹಣಕ್ಕೆ ಸಂಚಕಾರ ತರುವ ಪದಗಳನ್ನು ಮೊದಲು ಕಲಿಯುವುದು ಲೇಸು.

ಬಿಟ್ ಮತ್ತು ಬೈಟ್: ಗಣಕವು ಎಲ್ಲವನ್ನೂ 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ ಇರಿಸಿಕೊಳ್ಳುತ್ತದೆ. ಅಂಥ ಒಂದು ಅಂಕಿ ಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್. ಕಡತದ ಗಾತ್ರವನ್ನು ಬೈಟ್‌ಗಳಲ್ಲಿ, ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿ ಹೇಳುವುದು ವಾಡಿಕೆ. ಜಾಹೀರಾತಿನ '100 ಎಂಬಿಪಿಎಸ್' ಎಂದರೆ ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 12.5 ಮೆಗಾಬೈಟ್. 700 ಮೆಗಾಬೈಟ್‌ನ ಚಲನಚಿತ್ರ ಏಳು ಸೆಕೆಂಡಿನಲ್ಲಿ ಇಳಿಯುತ್ತದೆಂದು ಎಣಿಸಿದವರು ಸುಮಾರು ಒಂದು ನಿಮಿಷ ಕಾಯಬೇಕಾಗುತ್ತದೆ. ಇಂಗ್ಲಿಷ್‌ನಲ್ಲಿ ಸಣ್ಣ 'ಬಿ' ಬಿಟ್‌ಗೆ, ದೊಡ್ಡ 'ಬಿ' ಬೈಟ್‌ಗೆ. ಕನ್ನಡದಲ್ಲಿ ಬರೆದಾಗ ಈ ಸುಳಿವೂ ಮರೆಯಾಗುತ್ತದೆ.

ಬ್ರೌಸರ್ ಮತ್ತು ಸರ್ಚ್ ಎಂಜಿನ್: ಜಾಲತಾಣವನ್ನು ತೆರೆದು ತೋರಿಸುವ ತಂತ್ರಾಂಶ ಬ್ರೌಸರ್; ಕ್ರೋಮ್, ಫೈರ್‌ಫಾಕ್ಸ್ ಈ ಬಗೆಯವು. ಜಾಲತಾಣಗಳನ್ನು ಹುಡುಕಿಕೊಡುವುದು ಗೂಗಲ್‌ನಂಥ ಸರ್ಚ್ ಎಂಜಿನ್. ಅದು ಮೊದಲು ತೋರಿಸುವ ಕೊಂಡಿ ಹಣ ಕೊಟ್ಟು ಹಾಕಿಸಿದ ಜಾಹೀರಾತೂ ಆಗಿರಬಹುದು.

ಡೊಮೇನ್: ಜಾಲತಾಣದ ಹೆಸರೇ ಡೊಮೇನ್. ಹೊಸಬರು ಹೆಚ್ಚು ಎಡವುವುದು ಇಲ್ಲಿಯೇ. ವಿಳಾಸದ ಆರಂಭದ ಜೋಡಿ ಓರೆಗೆರೆಯ ನಂತರ, ಮುಂದಿನ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ಅಂಚೆ ವಿಳಾಸದಲ್ಲಿ ಊರಿನ ಹೆಸರು ಕೊನೆಗೆ ಬರುವಂತೆ, ಇಲ್ಲಿಯೂ ಮುಖ್ಯವಾದುದು ಕೊನೆಗೇ ಇರುತ್ತದೆ. 'ನಿಮ್ಮಬ್ಯಾಂಕ್.ಬೇರೊಬ್ಬರು.ಕಾಮ್' ಎಂಬ ವಿಳಾಸವಿದ್ದರೆ ಅದರ ಒಡೆಯ ಬ್ಯಾಂಕಲ್ಲ, 'ಬೇರೊಬ್ಬರು.' ಮುಂದಿನ ಹೆಸರನ್ನು ಅವರು ತಮಗೆ ಬೇಕಾದಂತೆ ಸೇರಿಸಿಕೊಳ್ಳಬಲ್ಲರು. ಈ ಬಗೆಯ ವಂಚನೆಯನ್ನು ತಡೆಯಲೆಂದೇ ಭಾರತೀಯ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ, ಬ್ಯಾಂಕುಗಳು ಅದೇ ವರ್ಷದ ಅಕ್ಟೋಬರ್ 31ರೊಳಗೆ '.ಬ್ಯಾಂಕ್.ಇನ್' ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ಸೂಚಿಸಿತು.

ಎಚ್‌ಟಿಟಿಪಿಎಸ್: ಕೊನೆಯ 'ಎಸ್' ಸುರಕ್ಷತೆಯನ್ನು ಸೂಚಿಸುತ್ತದೆ. ಮಾಹಿತಿ ದಾರಿಯಲ್ಲಿ ಪರರ ಕಣ್ಣಿಗೆ ಬೀಳದು ಎಂಬಷ್ಟೇ ಅದರ ಭರವಸೆ. ತಾಣದ ಒಡೆಯ ಪ್ರಾಮಾಣಿಕನೇ ಎಂಬುದನ್ನು ಅದು ಹೇಳುವುದಿಲ್ಲ. ವಂಚಕರ ತಾಣಕ್ಕೂ ಈ 'ಎಸ್' ಸುಲಭವಾಗಿ ದೊರೆಯುತ್ತದೆ. ಬೀಗದ ಚಿಹ್ನೆಯನ್ನು ಜನ ತಪ್ಪಾಗಿ ಅರ್ಥೈಸುತ್ತಿದ್ದ ಕಾರಣ ಕ್ರೋಮ್ 2023ರಲ್ಲಿ ಅದನ್ನು ವಿಳಾಸಪಟ್ಟಿಯಿಂದ ತೆಗೆದುಹಾಕಿತು.

ಒಟಿಪಿ ಮತ್ತು ಯುಪಿಐ ಪಿನ್: ಒಟಿಪಿ ಒಮ್ಮೆ ಮಾತ್ರ ಬಳಸುವ, ಅಲ್ಪಾವಧಿಯ ಗುಪ್ತಸಂಖ್ಯೆ. ಪಿನ್ ಖಾತೆದಾರರೇ ಆರಿಸಿಕೊಂಡ ಸಂಖ್ಯೆ. ಹಣ ಕಳುಹಿಸಲು, ಖಾತೆಯ ಶಿಲ್ಕು ನೋಡಲು ಅದು ಬೇಕು, ಹಣ ಪಡೆಯಲು ಬೇಕಿಲ್ಲ. 'ನಿಮಗೆ ಹಣ ಬರಬೇಕಿದೆ, ಪಿನ್ ಒತ್ತಿ' ಎಂದು ಯಾರಾದರೂ ಹೇಳಿದರೆ ಹಣ ಹೋಗುವುದು ಒತ್ತಿದವರ ಖಾತೆಯಿಂದಲೇ. ಹಾಗೆ ಕಳೆದುಕೊಂಡವರು ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.