ಸ್ಕೂಟರಿನ ಕಿಡಿ: ಮ್ಯಾಗ್ನೆಟೋದಿಂದ ಬ್ಯಾಟರಿಯವರೆಗೆ



ಹತ್ತನೇ ತರಗತಿಯ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ನಮಗೆಲ್ಲ ಗೊತ್ತಿರುವುದೇ. ಸುರುಳಿಯ ಹತ್ತಿರ ಅಯಸ್ಕಾಂತ ಅಲುಗಾಡಿದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟರು. ನಮ್ಮ ಮಕ್ಕಳು ಇದನ್ನು ಕನ್ನಡದಲ್ಲಿ ಓದಿ, ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಅಂಕ ಪಡೆಯುತ್ತಾರೆ. ಅದೇ ಅಯಸ್ಕಾಂತ, ಅದೇ ಸುರುಳಿ ಶಾಲೆಯ ಗೇಟಿನ ಹತ್ತಿರ ನಿಂತ ಹಳೆಯ ಸ್ಕೂಟರಿನ ಹೊಟ್ಟೆಯೊಳಗೂ ಇವೆ ಎಂದರೆ ಮಾತ್ರ ನಂಬುವುದಿಲ್ಲ! ಅದು ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಹುಡುಕುವ ವಿದ್ಯೆ ಪಠ್ಯಪುಸ್ತಕಕ್ಕೆ ಬರಲೇ ಇಲ್ಲ. ಮಿಸ್ತ್ರಿಗಳ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಬಂದ ವಿದ್ಯೆ ಅದು. ಆ ಗಾಡಿಗಳು ರಸ್ತೆಯಿಂದ ಮರೆಯಾಗುತ್ತಿರುವುದರಿಂದ ಅದರ ಇತಿಹಾಸವನ್ನು ನಮ್ಮ ಭಾಷೆಯಲ್ಲಿ ಒಮ್ಮೆ ಬರೆದಿಡೋಣ ಎಂದು ಈ ಲೇಖನ.

ನಮ್ಮ ಸಿರ್ಗಾಪುರ ಇರುವ ನಾರಾಯಣಖೇಡ ಸೀಮೆ 1956ರ ವರೆಗೆ ಬೀದರ್ ಜಿಲ್ಲೆಗೆ ಸೇರಿತ್ತು, ತಾಂಡೂರು ಗುಲ್ಬರ್ಗಾ ಜಿಲ್ಲೆಗೆ. ಗಡಿ ಬದಲಾಯಿತು, ಆದರೆ ರಿಪೇರಿ ಅಂಗಡಿಯ ಮಾತು ಬದಲಾಗಲಿಲ್ಲ. ಕನ್ನಡ, ತೆಲುಗು, ಉರ್ದು ಮೂರೂ ಕಲೆಸಿದ ಆ ಮಾತಿನಲ್ಲಿ "ಪಾಯಿಂಟಿನ್ಯಾಗ ಕಚರಾ ಕುಂತದ, ಕರೆಂಟ್ ಬರವಲ್ದು" ಎಂದರೆ ಬೀದರಿನ ಮಿಸ್ತ್ರಿಗೂ ಅರ್ಥವಾಗುತ್ತದೆ, ಜಹೀರಾಬಾದಿನವನಿಗೂ ಅರ್ಥವಾಗುತ್ತದೆ.

ನಮಗೆ ಗೊತ್ತಿರುವ ಬಗೆಯ ಸ್ಕೂಟರ್ ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ ಸೋತು ಹಾಳಾಗಿದ್ದ ಇಟಲಿಯಲ್ಲಿ. ವಿಮಾನ ತಯಾರಿಸುತ್ತಿದ್ದ ಪಿಯಾಜಿಯೋ ಕಂಪನಿ 1946ರಲ್ಲಿ ವೆಸ್ಪಾ ಹೊರತಂದಿತು. ಅದನ್ನು ರೂಪಿಸಿದ ಕೊರಾದಿನೋ ದಾಸ್ಕಾನಿಯೋ ಹೆಲಿಕಾಪ್ಟರ್ ಮೇಲೆ ಕೆಲಸ ಮಾಡಿದ್ದ ಇಂಜಿನಿಯರ್. ಮರುವರ್ಷವೇ ಮಿಲಾನಿನ ಇನ್ನೊಚೆಂಟಿ ಕಂಪನಿಯಿಂದ ಲ್ಯಾಂಬ್ರೆಟಾ ಬಂತು. ನಮ್ಮ ದೇಶದಲ್ಲಿ ಬಜಾಜ್ ಮನೆತನದವರು 1948ರಿಂದ ಹೊರದೇಶದ ಸ್ಕೂಟರ್ ತರಿಸಿ ಮಾರತೊಡಗಿದರು. 1955ರ ಹೊತ್ತಿಗೆ ಮುಂಬಯಿಯ ಎ.ಪಿ.ಐ. ಸಂಸ್ಥೆ ಲ್ಯಾಂಬ್ರೆಟಾ ಜೋಡಿಸತೊಡಗಿತು. 1960ರ ದಶಕದಲ್ಲಿ ಬಜಾಜ್ ವೆಸ್ಪಾ ಇಲ್ಲೇ ತಯಾರಾಯಿತು. ಪಿಯಾಜಿಯೋ ಜೊತೆಗಿನ ಒಪ್ಪಂದ 1971ರಲ್ಲಿ ಮುಗಿದ ಮೇಲೆ, 1972ರಲ್ಲಿ ಚೇತಕ್ ಬಂತು. ಹೆಸರು ರಾಣಾ ಪ್ರತಾಪನ ಕುದುರೆಯದು. ಅದೇ 1972ರಲ್ಲಿ ಲಖನೌದಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಸ್ಕೂಟರ್ಸ್ ಇಂಡಿಯಾ, ಇನ್ನೊಚೆಂಟಿಯ ಯಂತ್ರಗಳನ್ನೇ ಕೊಂಡು ತಂದು ವಿಜಯ್ ಸೂಪರ್ ತಯಾರಿಸಿತು.

ನಮ್ಮ ಕಡೆಯದೂ ಒಂದು ಪಾಲಿದೆ. 1980ರ ದಶಕದಲ್ಲಿ ಅಂದಿನ ನಮ್ಮ ರಾಜ್ಯದ ಆಂಧ್ರಪ್ರದೇಶ ಸ್ಕೂಟರ್ಸ್ ಸಂಸ್ಥೆ ಪಿಯಾಜಿಯೋ ಪರವಾನಗಿಯಲ್ಲಿ ವೆಸ್ಪಾ ಪಿ.ಎಲ್. 170 ಎಂಬ ಗಾಡಿ ತಯಾರಿಸಿತು. ಈಗ ಅದನ್ನು ನೆನೆಯುವವರು ಕಡಿಮೆ. ಇನ್ನು ಕರ್ನಾಟಕದ ಪಾಲು ಗಾಡಿಗಿಂತ ಕಿಡಿಯಲ್ಲೇ ದೊಡ್ಡದು ಎನ್ನಬೇಕು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಕಾರ್ಖಾನೆ ಕಟ್ಟಿದ ಮೈಕೋ ಕಂಪನಿಯ ಸ್ಪಾರ್ಕ್ ಪ್ಲಗ್ ಇಲ್ಲದ ಬಿಡಿಭಾಗದ ಅಂಗಡಿ ಇರಲಿಲ್ಲ. ಮೈಕೋ ಜರ್ಮನಿಯ ಬಾಷ್ ಬಳಗದ್ದು, 2008ರಲ್ಲಿ ಹೆಸರೂ ಬಾಷ್ ಆಯಿತು. ಬಾಷ್ ಕಂಪನಿಯಲ್ಲೇ ಗಾಟ್ಲೋಬ್ ಹೊನೋಲ್ಡ್ ಎಂಬ ಇಂಜಿನಿಯರ್ 1902ರಲ್ಲಿ ಹೆಚ್ಚಿನ ವೋಲ್ಟೇಜಿನ ಮ್ಯಾಗ್ನೆಟೋವನ್ನು ಸ್ಪಾರ್ಕ್ ಪ್ಲಗ್ ಸಮೇತ ಸಿದ್ಧಪಡಿಸಿದ್ದು. ಫ್ಯಾರಡೆಯ ನಿಯಮ ಎಂಜಿನ್ನಿನೊಳಗೆ ಗಟ್ಟಿಯಾಗಿ ಕುಳಿತದ್ದು ಹೀಗೆ.

ಹಳೆಯ ಸ್ಕೂಟರಿನಲ್ಲಿ ಕಿಡಿ ಹುಟ್ಟಿಸಲು ಬ್ಯಾಟರಿಯೇ ಬೇಕಿರಲಿಲ್ಲ. ಊರಲ್ಲಿ ಕರೆಂಟೇ ಸರಿಯಾಗಿಲ್ಲದ, ಚಾರ್ಜಿಂಗ್ ಅಂಗಡಿಗೆ ಹತ್ತಾರು ಮೈಲಿ ಹೋಗಬೇಕಾದ ಕಾಲದಲ್ಲಿ ಇದು ಎಷ್ಟು ದೊಡ್ಡ ಅನುಕೂಲ, ಯೋಚಿಸಿ! ಎಂಜಿನ್ನಿನ ಪಕ್ಕ ತಿರುಗುವ ಫ್ಲೈವೀಲ್ ಮೂರು ಕೆಲಸ ಮಾಡುತ್ತಿತ್ತು. ಎಂಜಿನ್ನಿನ ತಿರುಗುವಿಕೆಯನ್ನು ಸಮ ಮಾಡುವುದು, ರೆಕ್ಕೆಗಳಿಂದ ಗಾಳಿ ಬೀಸಿ ಎಂಜಿನ್ ತಂಪಾಗಿಡುವುದು, ಒಳಗಿನ ಅಯಸ್ಕಾಂತಗಳಿಂದ ವಿದ್ಯುತ್ ಹುಟ್ಟಿಸುವುದು. ಕಾಲಿನಿಂದ ಕಿಕ್ ಹೊಡೆದರೆ ಅಯಸ್ಕಾಂತ ಸುರುಳಿಗಳ ಮುಂದೆ ಸುತ್ತುತ್ತದೆ. ಪಾಯಿಂಟ್ ಎಂಬ ಪುಟ್ಟ ಕೊಂಡಿ ಮುಚ್ಚಿರುವಾಗ ಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ. ಸರಿಯಾದ ಕ್ಷಣಕ್ಕೆ ಪಾಯಿಂಟ್ ತೆರೆದುಕೊಂಡಾಗ ಆ ಹರಿವು ಥಟ್ಟನೆ ನಿಲ್ಲುತ್ತದೆ. ಆ ಥಟ್ಟನೆಯ ಬದಲಾವಣೆಯೇ ಸಾವಿರಾರು ಸುತ್ತುಗಳ ಇನ್ನೊಂದು ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿಸಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ತೆರೆಯುವಾಗ ಪಾಯಿಂಟಿನ ನಡುವೆಯೇ ಕಿಡಿ ಹಾರಿ ಶಕ್ತಿ ವ್ಯರ್ಥವಾಗದಂತೆ ಕಾಯುವುದು ಕಂಡೆನ್ಸರ್.

ಗಾಡಿ ಸ್ಟಾರ್ಟ್ ಆಗದಿದ್ದರೆ ಜನ ಮೊದಲು ಮಾಡುತ್ತಿದ್ದದ್ದು ಅದನ್ನು ಓರೆ ಮಾಡಿ ಅಲುಗಾಡಿಸುವುದು. ಅದು ಪೆಟ್ರೋಲಿನ ಚಿಕಿತ್ಸೆ, ಕಿಡಿಗೂ ಅದಕ್ಕೂ ಸಂಬಂಧವಿಲ್ಲ. ಅನುಭವಿ ಮಿಸ್ತ್ರಿ ಓರೆ ಮಾಡುವ ಮುಂಚೆ ಪ್ಲಗ್ ಪಾನಾ ತೆಗೆಯುತ್ತಿದ್ದ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದು ನೋಡುವುದು. (ಪೆಟ್ರೋಲ್ ಚೆಲ್ಲಿದ ಕಡೆ ಇದನ್ನು ಮಾಡಲೇಬಾರದು. ಕ್ಯಾಪನ್ನು ಬರಿಗೈಯಲ್ಲಿ ಹಿಡಿದವರಿಗೆ ಸಿಗುವ ಹೊಡೆತ ಮರೆಯುವಂಥದ್ದಲ್ಲ.) ಚಟ್ ಎಂದು ನೀಲಿ ಕಿಡಿ ಬಂದರೆ ಅರ್ಧ ಚಿಂತೆ ದೂರ, ಮುಂದೆ ಪೆಟ್ರೋಲಿನ ಕಡೆ ನೋಡಬಹುದು. ಕೆಂಪಗೆ ಸಣ್ಣ ಕಿಡಿ ಬಂದರೆ ಎಲ್ಲೋ ಬಲ ಸೋರುತ್ತಿದೆ. ಏನೂ ಬರದಿದ್ದರೆ ಹಿಂದಕ್ಕೆ ಹೋಗಬೇಕು: ಪ್ಲಗ್, ಕ್ಯಾಪ್, ದಪ್ಪ ವೈರು, ಕಾಯಿಲ್, ಪಾಯಿಂಟ್. ಈ ಕ್ರಮವೇ ಮುಖ್ಯ. ತುದಿಯಿಂದ ಮೂಲದ ಕಡೆಗೆ, ಒಂದೊಂದನ್ನೇ ಬಿಡಿಸಿ ನೋಡುವುದು. ಹಲವು ಭಾಗ ಒಟ್ಟಿಗೆ ಬದಲಿಸಿದರೆ ಗಾಡಿ ಸರಿಹೋಗಬಹುದು, ಯಾವುದು ಕೆಟ್ಟಿತ್ತೆಂದು ಮಾತ್ರ ಕೊನೆಗೂ ತಿಳಿಯುವುದಿಲ್ಲ. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂದು ನಾವು ತರಗತಿಯಲ್ಲಿ ಹೇಳುವುದೂ ಇದನ್ನೇ ಅಲ್ಲವೇ?

ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸುತ್ತಿದ್ದುದರಿಂದ ಪ್ಲಗ್ಗಿಗೆ ಮಸಿ ಹತ್ತುವುದು ಎಲ್ಲಕ್ಕಿಂತ ಸಾಮಾನ್ಯ ಕಾಯಿಲೆ. ಮರಳು ಕಾಗದದಲ್ಲಿ ಉಜ್ಜಿ, ಸಂದು ಸುಮಾರು 0.6 ಮಿ.ಮೀ. ಇಟ್ಟರೆ ಗಾಡಿ ಓಡುತ್ತಿತ್ತು. ಪಾಯಿಂಟಿನ ಸಂದನ್ನು ಫ್ಲೈವೀಲಿನ ಕಿಂಡಿಯಿಂದಲೇ ನೋಡಿ ಸುಮಾರು 0.4 ಮಿ.ಮೀ.ಗೆ ಹೊಂದಿಸುತ್ತಿದ್ದರು. ಪಾಯಿಂಟ್ ಪದೇ ಪದೇ ಸುಟ್ಟು ಕಪ್ಪಾಗುತ್ತಿದ್ದರೆ ಅದನ್ನು ಉಜ್ಜುತ್ತಾ ಕೂರುವುದರಿಂದ ಪ್ರಯೋಜನವಿಲ್ಲ, ಕಂಡೆನ್ಸರ್ ಹೋಗಿದೆ ಎಂದರ್ಥ. ಮಳೆಗಾಲದಲ್ಲಿ ಕ್ಯಾಪಿನೊಳಗಿನ ತೇವ, ಬೇಸಿಗೆಯಲ್ಲಿ ಜಹೀರಾಬಾದ್ ಕಡೆಯ ಕೆಂಪು ಧೂಳು... ಎಲ್ಲಕ್ಕಿಂತ ಕಾಡುತ್ತಿದ್ದದ್ದು ಹ್ಯಾಂಡಲ್ ಒಳಗೆ ಹೋಗುವ ವೈರುಗಳು. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ತಿಕ್ಕಿ ತಿಕ್ಕಿ ಅವುಗಳ ಹೊದಿಕೆ ಸವೆಯುತ್ತದೆ. ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ವೈರು ಲೋಹಕ್ಕೆ ತಾಗಿದರೆ ಕಿಡಿಯ ವಿದ್ಯುತ್ತೆಲ್ಲ ಅಲ್ಲೇ ಇಳಿದುಹೋಗುತ್ತದೆ. ಎಡಕ್ಕೆ ತಿರುಗಿದಾಗ ಮಾತ್ರ ಬಂದ್ ಬೀಳುವ ಗಾಡಿಯ ಗುಟ್ಟು ಇದು! ಆ ಒಂದು ವೈರನ್ನು ಬಿಚ್ಚಿ ಕಿಕ್ ಹೊಡೆದರೆ ಸಾಕು, ದೋಷ ಸ್ವಿಚ್ಚಿನ ಕಡೆಯದೋ ಕಾಯಿಲಿನ ಕಡೆಯದೋ ಗೊತ್ತಾಗುತ್ತಿತ್ತು.

ದೀಪದ ಕಥೆ ಬೇರೆ. ಅದೂ ನೇರ ಮ್ಯಾಗ್ನೆಟೋದಿಂದಲೇ 6 ವೋಲ್ಟಿನ ಲೆಕ್ಕದಲ್ಲಿ ಉರಿಯುತ್ತಿತ್ತು. ಆಕ್ಸಿಲರೇಟರ್ ಕೊಟ್ಟರೆ ಬೆಳಕು, ಬಿಟ್ಟರೆ ಮಬ್ಬು. ದೊಡ್ಡ ಬಲ್ಬ್ ಹೋದರೆ ಅದರ ಪಾಲಿನ ಒತ್ತಡ ಹಿಂದಿನ ಸಣ್ಣ ಬಲ್ಬಿನ ಮೇಲೆ ಬಿದ್ದು ಅದೂ ಸುಡುತ್ತಿತ್ತು. ಅದಕ್ಕೇ ತಿಳಿದ ಮಿಸ್ತ್ರಿ ಒಂದು ಬಲ್ಬ್ ಹಾಕಿ ಸುಮ್ಮನಾಗುತ್ತಿರಲಿಲ್ಲ, ಎರಡನ್ನೂ ನೋಡುತ್ತಿದ್ದ.

1984ರಲ್ಲಿ ಕೈನೆಟಿಕ್ ಹೋಂಡಾ ಬಂದಾಗ ಗೇರಿಲ್ಲದ, ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಸ್ಕೂಟರನ್ನು ಜನ ಮೊದಲ ಬಾರಿ ಕಂಡರು. ಮುಂದಿನ ವರ್ಷಗಳಲ್ಲಿ ಪಾಯಿಂಟಿನ ಜಾಗಕ್ಕೆ ಎಲೆಕ್ಟ್ರಾನಿಕ್ ಡಬ್ಬಿ ಬಂತು. ಸವೆಯುವ ಭಾಗ ಹೋಯಿತು, ಒಳ್ಳೆಯದೇ. ಆದರೆ ಆ ಡಬ್ಬಿಯನ್ನು ಬಿಚ್ಚಿ ನೋಡಲು ಬರುವುದಿಲ್ಲ, ಬೇರೊಂದನ್ನು ಸಿಕ್ಕಿಸಿ ಪರೀಕ್ಷಿಸಬೇಕಷ್ಟೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹಗಲೂ ಹೆಡ್‌ಲೈಟ್ ಉರಿಯುವುದು ಕಡ್ಡಾಯವಾಯಿತು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮ ಬಂದ ಮೇಲೆ ಬಹುತೇಕ ಸ್ಕೂಟರ್‌ಗಳಲ್ಲಿ ಕಾರ್ಬೊರೇಟರ್ ಜಾಗದಲ್ಲಿ ಇಂಜೆಕ್ಟರ್ ಕುಳಿತಿತು. ಅದಕ್ಕೆ ಪೆಟ್ರೋಲ್ ತಲುಪಿಸುವ ಪಂಪಿಗೂ ವಿದ್ಯುತ್ ಬೇಕು, ಬ್ಯಾಟರಿ ಪೂರ್ತಿ ಸತ್ತರೆ ಕಿಕ್ ಹೊಡೆದರೂ ಸ್ಟಾರ್ಟ್ ಮಾಡುವುದು ಕಷ್ಟ. ಅದೇ 2020ರಲ್ಲಿ ಚೇತಕ್ ಹೆಸರು ಮರಳಿ ಬಂತು, ಈ ಸಲ ಪೆಟ್ರೋಲೂ ಇಲ್ಲ, ಪ್ಲಗ್ಗೂ ಇಲ್ಲ, ಪೂರ್ತಿ ವಿದ್ಯುತ್ ಗಾಡಿ!

ಈಗಿನ ಪೆಟ್ರೋಲ್ ಸ್ಕೂಟರಿನಲ್ಲೂ ಹುಡುಕುವ ಕ್ರಮ ಹಳೆಯದೇ, ಆರಂಭದ ಜಾಗ ಮಾತ್ರ ಬೇರೆ. ಬಟನ್ ಒತ್ತಿದಾಗ ಕಟಕಟ ಸದ್ದು ಬಂದು ಮೋಟಾರ್ ತಿರುಗದಿದ್ದರೆ ಮೊದಲು ಬ್ಯಾಟರಿಯ ತುದಿಗಳು ಸಡಿಲವಿವೆಯೇ, ಬಿಳಿ ಪುಡಿ ಕಟ್ಟಿದೆಯೇ ನೋಡಬೇಕು. ಚೆನ್ನಾಗಿ ಚಾರ್ಜ್ ಆಗಿ ಸುಮ್ಮನೆ ನಿಂತ ಬ್ಯಾಟರಿ ಮಲ್ಟಿಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಚಾಲೂ ಇದ್ದು ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ 14ರ ಆಸುಪಾಸಿಗೆ ಏರಬೇಕು. ಏರದಿದ್ದರೆ ಹೊಸ ಬ್ಯಾಟರಿ ತಂದರೂ ಹಣ ದಂಡ, ದೋಷ ಚಾರ್ಜ್ ಮಾಡುವ ಕಡೆಯದು. ಐ.ಟಿ.ಐ. ಸೇರುವ ನಮ್ಮ ಕನ್ನಡ ಮಾಧ್ಯಮದ ಹುಡುಗರು ಅಲ್ಲಿ ಹೊಸ ಭಾಷೆಯ ಹೆಸರುಗಳನ್ನು ಕೇಳಿ ಹೆದರುತ್ತಾರೆ. ಹೆಸರಿನ ಹಿಂದಿನ ಕೆಲಸವನ್ನು ಇಲ್ಲೇ ಕಣ್ಣಾರೆ ಕಂಡಿದ್ದರೆ ಆ ಹೆದರಿಕೆ ಅರ್ಧ ಇಳಿಯುತ್ತದೆ ಎಂಬುದು ನಮ್ಮ ಅಭಿಪ್ರಾಯ.

ವಿಜ್ಞಾನ ಶಿಕ್ಷಕ ಮಿತ್ರರಿಗೆ ಒಂದು ಮಾತು. ಗುಜರಿ ಅಂಗಡಿಗಳಲ್ಲಿ ಹಳೆಯ ಮ್ಯಾಗ್ನೆಟೋ, ಫ್ಲೈವೀಲ್ ಸಮೇತ, ಇನ್ನೂ ಸಿಗಬಹುದು. ಸಿಕ್ಕರೆ ಒಂದು ಮರದ ಹಲಗೆಗೆ ಬಿಗಿದು, ದೀಪದ ಸುರುಳಿಯ ವೈರಿಗೆ 6 ವೋಲ್ಟಿನ ಸಣ್ಣ ಬಲ್ಬ್ ಜೋಡಿಸಿ, ಇನ್ನೊಂದು ವೈರನ್ನು ಲೋಹದ ತಟ್ಟೆಗೆ ಕೊಡಿ. ಕಿಡಿಯ ಕಡೆಯ ದಪ್ಪ ವೈರನ್ನು ಮೊದಲೇ ತೆಗೆದಿಡಿ. ಆಮೇಲೆ ಮಕ್ಕಳ ಕೈಯಿಂದ ಫ್ಲೈವೀಲ್ ತಿರುಗಿಸಿ. ನಿಧಾನ ತಿರುಗಿಸಿದರೆ ಬಲ್ಬ್ ಮಿಣುಕುತ್ತದೆ, ಜೋರಾಗಿ ತಿರುಗಿಸಿದಷ್ಟೂ ಬೆಳಕು ಏರುತ್ತದೆ. ಯಾಕೆ ಎಂದು ಅವರನ್ನೇ ಕೇಳಿ ನೋಡಿ.