ಅಂತರಜಾಲದ ಶೋಧದಲ್ಲಿ ಕನ್ನಡ: ‘ಕಲ್ಯಾಣಪುರ’ ಎಂಬ ಹೆಸರಿನ ನಿದರ್ಶನ

ಸ್ವರ್ಣಾ ನದಿಯ ದಡದ ಕಲ್ಯಾಣಪುರವು ಉಡುಪಿ ಪರಿಸರದ ಹಳೆಯ ಊರುಗಳಲ್ಲೊಂದು. ಆರನೆಯ ಶತಮಾನದ ಗ್ರೀಕ್ ಬರಹಗಾರ ಕಾಸ್ಮಾಸ್ ಇಂಡಿಕೋಪ್ಲ್ಯೂಸ್ಟಿಸ್ ಹೆಸರಿಸಿರುವ ‘ಕಲ್ಲಿಯಾನ’ವು ಇದೇ ಎಂದು ಕೆಲವು ವಿದ್ವಾಂಸರು ವಾದಿಸಿದ್ದಾರೆ, ಅದು ಮುಂಬಯಿ ಸಮೀಪದ ಕಲ್ಯಾಣವೆಂಬುದು ಹೆಚ್ಚಿನವರ ಅಭಿಮತ. ಒಂದು ಹೆಸರು ಯಾವ ಊರನ್ನು ಸೂಚಿಸುತ್ತದೆ ಎಂಬ ಈ ಜಿಜ್ಞಾಸೆ ಇಂದಿನ ಶೋಧಯಂತ್ರಗಳಿಗೂ ತಪ್ಪಿದ್ದಲ್ಲ. ಆದರೆ ಕನ್ನಡದ ಮಟ್ಟಿಗೆ ಅದಕ್ಕಿಂತ ಮೂಲಭೂತವಾದ ತೊಡಕೊಂದಿತ್ತು. ಕನ್ನಡದಲ್ಲಿ ಬರೆದ ಹೆಸರು ಯಂತ್ರಕ್ಕೆ ಕನ್ನಡವಾಗಿಯೇ ಕಾಣುತ್ತಿರಲಿಲ್ಲ.

ಶೋಧಯಂತ್ರವು ಪ್ರಶ್ನೆ ಬಂದ ಗಳಿಗೆಯಲ್ಲಿ ಅಂತರಜಾಲವನ್ನೆಲ್ಲ ಜಾಲಾಡುವುದಿಲ್ಲ. ಅದರ ತಂತ್ರಾಂಶವು ಕೊಂಡಿಯಿಂದ ಕೊಂಡಿಗೆ ಸಾಗುತ್ತ ಪುಟಗಳನ್ನು ಮೊದಲೇ ಸಂಗ್ರಹಿಸಿ, ಗ್ರಂಥದ ಕೊನೆಯ ಪದಸೂಚಿಯಂತೆ ಯಾವ ಪದ ಯಾವ ಪುಟದಲ್ಲಿದೆ ಎಂದು ದಾಖಲಿಸಿಕೊಂಡಿರುತ್ತದೆ. ಪುಟದ ಎಲ್ಲ ಪದಗಳನ್ನೂ ಹೀಗೆ ಸೂಚಿಗೆ ತಂದ ವೆಬ್‌ಕ್ರಾಲರ್ 1994ರದು. ಒಂದು ಪುಟದತ್ತ ಬೇರೆ ಪುಟಗಳು ನೀಡುವ ಕೊಂಡಿಗಳನ್ನು ತೂಗಿ ಅದರ ಸ್ಥಾನವನ್ನು ನಿರ್ಣಯಿಸುವ ಕ್ರಮವನ್ನು ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ರೂಪಿಸಿದರು. 1998ರಲ್ಲಿ ಗೂಗಲ್ ಸ್ಥಾಪನೆಗೊಂಡಿತು. ಪದವನ್ನು ಪದವೆಂದು ಗುರುತಿಸಲಾಗದಿದ್ದರೆ ಈ ವ್ಯವಸ್ಥೆಯೆಲ್ಲ ನಿಷ್ಪ್ರಯೋಜಕ.

ಕನ್ನಡದ ಜಾಲಬರವಣಿಗೆ ಆರಂಭವಾದುದೂ ಇದೇ ಅವಧಿಯಲ್ಲಿ. ಯು. ಬಿ. ಪವನಜರ ‘ವಿಶ್ವಕನ್ನಡ’ 1996ರಲ್ಲಿ ಬಂದಿತು. ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ 1998ರಲ್ಲಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಳಿಕದ್ದು. ಕೀಲಿಮಣೆಯ ವಿಷಯದಲ್ಲಿ ಕನ್ನಡ ಹಿಂದುಳಿದಿರಲಿಲ್ಲ. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್ ಅವರ ವಿನ್ಯಾಸವು ಧ್ವನಿಕ್ರಮವನ್ನೇ ಅನುಸರಿಸಿತು, ಕರ್ನಾಟಕ ಸರ್ಕಾರದ ಮನ್ನಣೆಯನ್ನೂ ಪಡೆಯಿತು. ಅದರಲ್ಲಿ ‘ಕಲ್ಯಾಣಪುರ’ಕ್ಕೆ ಒಂಬತ್ತು ಒತ್ತುಗಳು ಸಾಕು: ಕ, ಲ, ಬೆಸೆಯುವ ಕೀಲಿ, ಯ, ಆ-ಸ್ವರ, ಣ, ಪ, ಉ-ಸ್ವರ, ರ.

ತೊಡಕು ಇದ್ದುದು ಬೆರಳಿನಲ್ಲಲ್ಲ, ಕಡತದಲ್ಲಿ. ಒತ್ತಿದ್ದು ಧ್ವನಿ, ಉಳಿದದ್ದು ಆಕಾರ. ಲ್ಯಾಟಿನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಕೂರಿಸಲಾಗಿತ್ತು. ನುಡಿಯ ಅಕ್ಷರಶೈಲಿಯಲ್ಲಿ ‘ಕನ್ನಡ’ ಎಂಬ ಪದವೇ ಯಂತ್ರದ ಪಾಲಿಗೆ ಒಂದು ‘ಪಿ’, ಗುರುತು ಹೊತ್ತ ‘ಎ’, ಪೌಂಡ್ ನಾಣ್ಯದ ಚಿಹ್ನೆ, ಜರ್ಮನ್ನರ ಒಂದು ‘ಎಸ್’ ಮುಂತಾದವುಗಳ ಸಾಲಾಗಿತ್ತು. ‘ಲ್ಯಾ’ ಅಕ್ಷರದಲ್ಲಂತೂ ದೀರ್ಘ ಮೊದಲು, ಯ-ಒತ್ತು ಆಮೇಲೆ. ಕಣ್ಣಿಗೆ ಶುದ್ಧ ಕನ್ನಡ, ಶೋಧಯಂತ್ರದ ಪದಸೂಚಿಗೆ ಅರ್ಥವಿಲ್ಲದ ಚಿಹ್ನೆಗಳು! ಅಕ್ಷರಶೈಲಿ ಬದಲಾದರೆ ಅದೇ ಪದದ ಸಂಕೇತಗಳೂ ಬದಲಾಗಬಹುದಾಗಿತ್ತು.

ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಪ್ರತ್ಯೇಕ ಸ್ಥಾನ ನೀಡಿತ್ತು. ಸಾಮಾನ್ಯ ಬಳಕೆದಾರನಿಗೆ ಅದು ನಿಲುಕಿದ್ದು ಕನ್ನಡ ಯೂನಿಕೋಡನ್ನು ಮೂಡಿಸಬಲ್ಲ ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದ ಬಳಿಕ. ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿದ್ದು ಈ ಬುನಾದಿಯ ಮೇಲೆ. ಯೂನಿಕೋಡಿನಲ್ಲಿಯೂ ‘ಕಲ್ಯಾಣಪುರ’ಕ್ಕೆ ಒಂಬತ್ತೇ ಸಂಕೇತಗಳು, ಅವುಗಳ ಕ್ರಮವೂ ಕೆ. ಪಿ. ರಾವ್ ವಿನ್ಯಾಸದ ಒತ್ತುಗಳ ಕ್ರಮವೇ ಎಂಬುದು ಗಮನಾರ್ಹ.

ಹೆಸರು ಕಂಡ ಮಾತ್ರಕ್ಕೆ ಊರು ಸಿಕ್ಕಿತೆನ್ನಲಾಗದು. ‘ಕಲ್ಯಾಣಪುರದಲ್ಲಿ’, ‘ಕಲ್ಯಾಣಪುರಕ್ಕೆ’ ಎಂಬ ವಿಭಕ್ತಿರೂಪಗಳನ್ನು ಯಂತ್ರವು ಮೂಲಪದಕ್ಕೆ ಜೋಡಿಸಬೇಕು. ರೋಮನ್ ಲಿಪಿಯಲ್ಲಿ ಒಂದು ‘ಎಲ್’ ಮತ್ತು ‘ವೈ’ ಇರುವ ಬರವಣಿಗೆಯಿದೆ, ಎರಡು ‘ಎಲ್’ ಮತ್ತು ‘ಐ’ ಇರುವ ಹಳೆಯದೂ ಇದೆ. ಅದೇ ಹೆಸರಿನಡಿ ಕಾನ್ಪುರದ ಬಡಾವಣೆಯೂ ಗಾಯಕಿ ಸುಮನ್ ಕಲ್ಯಾಣ್ಪುರ್ ಅವರೂ ಬರುತ್ತಾರೆ. ಹಳೆಯ ಅಕ್ಷರಶೈಲಿಯ ಕಡತಗಳನ್ನು ಪರಿವರ್ತಿಸುವ ತಂತ್ರಾಂಶಗಳು ಈಗ ಲಭ್ಯವಿವೆ; ಅವು ಸಂಕೇತಗಳನ್ನು ಬದಲಿಸುವುದರ ಜೊತೆಗೆ ‘ಲ್ಯಾ’ದಂತಹ ಕಡೆ ಒತ್ತನ್ನು ದೀರ್ಘದ ಹಿಂದಕ್ಕೆ ತಂದು ಕೂರಿಸಬೇಕಾಗುತ್ತದೆ. ಪರಿವರ್ತನೆಗೊಳ್ಳದ ಪುಟಗಳು ‘ಕಲ್ಯಾಣಪುರ’ವೆಂದು ಹುಡುಕಿದವರಿಗೆ ಇಂದಿಗೂ ದೊರೆಯುವುದಿಲ್ಲ.