ಭದ್ರಾವತಿಯ ಕಬ್ಬಿಣ: ಇದ್ದಲಿನಿಂದ ವಿದ್ಯುತ್ತಿಗೆ

ಅರಸೀಕೆರೆಯ ಸಮೀಪದ ಹಾರನಹಳ್ಳಿಯಲ್ಲಿ 13ನೆಯ ಶತಮಾನದ ಹೊಯ್ಸಳ ದೇವಾಲಯಗಳನ್ನು ಕಾಣುವಾಗ, ಆ ಶಿಲೆಯನ್ನು ಕೆತ್ತಿದ ಉಳಿಗಳ ಕಬ್ಬಿಣವು ಇದ್ದಲಿನ ಕುಲುಮೆಯಲ್ಲಿ ಸಿದ್ಧವಾದುದೆಂಬುದನ್ನು ನಾವು ನೆನೆಯಬೇಕು. ಅದೇ ಇದ್ದಲನ್ನು ಮೈಸೂರು ಸರ್ಕಾರವು ಆಧುನಿಕ ಉದ್ಯಮಕ್ಕೂ ಆಧಾರವಾಗಿಸಿತು. ಸಂಸ್ಥಾನದಲ್ಲಿ ಕಲ್ಲಿದ್ದಲು ದೊರೆಯದ ಕಾರಣ, 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಭದ್ರಾವತಿಯ ಕಾರ್ಖಾನೆಯು ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಸೌದೆಯ ಇದ್ದಲಿನಿಂದ ಕರಗಿಸಿತು. ಬಂಡವಾಳವನ್ನು ಬೊಕ್ಕಸವು ಒದಗಿಸಿತು. ಅರಣ್ಯವೂ ತನ್ನ ಪಾಲನ್ನು ತೆತ್ತಿತು.

1948ರಲ್ಲಿ ಜೋಗದ ವಿದ್ಯುತ್ತು ಲಭ್ಯವಾದ ತರುವಾಯ, 1950ರ ದಶಕದಲ್ಲಿ ಇಲ್ಲಿ ವಿದ್ಯುತ್ ಕುಲುಮೆಗಳು ಸ್ಥಾಪಿತವಾದುವು. ಇದರಿಂದ ಇಂಗಾಲದ ಅವಶ್ಯಕತೆಯೇ ಇಲ್ಲವಾಯಿತೆಂದು ಭಾವಿಸಲಾಗದು. ವಿದ್ಯುತ್ತು ಒದಗಿಸಿದುದು ಶಾಖವನ್ನು ಮಾತ್ರ; ಅದಿರಿನಿಂದ ಆಮ್ಲಜನಕವನ್ನು ಬೇರ್ಪಡಿಸಲು ಇಂಗಾಲವು ಬೇಕೇ ಆಯಿತು. ಆ ಕಾರ್ಯವನ್ನು ಜಲಜನಕಕ್ಕೆ ವಹಿಸುವುದು ಇಂದಿನ ಪ್ರಯತ್ನ.

2023ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಹಸಿರು ಜಲಜನಕದ ಯೋಜನೆಗೆ 19,744 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು; ಅದೇ ತಿಂಗಳು ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವೂ ಹೊರಬಿದ್ದಿತು. ನೆರವಿನ ಮೊತ್ತವೆಷ್ಟೆಂಬುದಕ್ಕಿಂತ, ಅದು ಯಾವ ಊರಿನ ಕುಲುಮೆಯನ್ನು ಎಷ್ಟು ಕಾಲ ಕಾಯುತ್ತದೆಂಬುದೇ ಮುಖ್ಯವೆಂದು ಈ ಇತಿಹಾಸದಿಂದ ನಾವು ಗ್ರಹಿಸಬಹುದು.